ರಾತ್ರಿ ಬಸ್ಸು, ಬೆಳಿಗ್ಗೆ ಬಂದರು, ಸಂಜೆ ಕಡಲು: ಇಬ್ಬರೇ ಮಂಗಳೂರಿಗೆ ದಿಢೀರ್ ಹೋಗಿಬರುವ ಬಗೆ

ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ರಜೆ ಸಿಗುವುದೇ ಈಗ ಅಪರೂಪ. ಸಿಕ್ಕಿದರೆ "ಎಲ್ಲಾದರೂ ಹೋಗೋಣ್ವಾ" ಎಂಬ ಮಾತು ಬರುತ್ತದೆ. ಆಮೇಲೆ ಮೊಬೈಲ್ ಹಿಡಿದು ರೆಸಾರ್ಟು ನೋಡಿ, ರೇಟು ನೋಡಿ, ವಿಮರ್ಶೆ ಓದಿ, ಕೊನೆಗೆ ಸುಸ್ತಾಗಿ ಮಲಗುವುದೇ ಜಾಸ್ತಿ. ಅಂಥ ಜೋಡಿಗಳಿಗಾಗಿ ಈ ಮಾರ್ಗದರ್ಶಿ. ಬೆಂಗಳೂರು, ಮೈಸೂರು, ಹಾಸನದ ಕಡೆಯಿಂದ ರಾತ್ರಿ ಹೊರಟು, ಮಂಗಳೂರಿನಲ್ಲಿ ಒಂದು ಪೂರ್ತಿ ದಿನ ನೀರಿನ ಪಕ್ಕದಲ್ಲಿ ಕಳೆದು, ಮತ್ತೆ ರಾತ್ರಿ ಬಸ್ಸು ಹತ್ತಿ ಮನೆ ಸೇರುವ ದಾರಿ ಇದು. ಮಂಗಳೂರಿನಲ್ಲೇ ಇರುವವರಿಗೆ ಇದರ ಅರ್ಧ ಭಾಗ ಸಾಕು.

ಮಂಗಳೂರೇ ಯಾಕೆ? ನಕ್ಷೆ ತೆಗೆದು ನೋಡಿ. ಪೂರ್ವದಿಂದ ಬರುವ ಗುರುಪುರ ನದಿ ಕಡಲಿನ ಹತ್ತಿರ ಬಂದರೂ ನೇರವಾಗಿ ಕಡಲು ಸೇರುವುದಿಲ್ಲ. ಇದಕ್ಕೆ ಫಲ್ಗುಣಿ ಅಂತಲೂ ಹೆಸರಿದೆ. ಅದು ದಕ್ಷಿಣಕ್ಕೆ ತಿರುಗಿ, ಕಡಲಿನ ಪಕ್ಕಪಕ್ಕದಲ್ಲೇ ಹರಿದು, ಬೆಂಗರೆಯ ತುದಿಯಲ್ಲಿ ನೇತ್ರಾವತಿಯ ಜೊತೆ ಅಳಿವೆ ಬಾಗಿಲಿನಲ್ಲಿ ಕಡಲಿಗೆ ಬೀಳುತ್ತದೆ. ನದಿಗೂ ಕಡಲಿಗೂ ನಡುವೆ ಉಳಿಯುವುದು ಉದ್ದನೆಯ ಒಂದು ಮರಳ ಪಟ್ಟಿ. ಹಾಗಾಗಿ ಊರಿನ ಅಂಚಿನಲ್ಲಿ ನದಿ, ನದಿ ದಾಟಿದರೆ ತೆಂಗಿನ ತೋಟ, ಅದರ ಆಚೆ ಕಡಲು. ದೋಣಿಯಲ್ಲಿ ಹೋದರೆ ಇದೆಲ್ಲ ಕೆಲವೇ ನಿಮಿಷದ ದಾರಿ. ರಸ್ತೆಯಲ್ಲಿ ಹೋದರೆ ಕೂಳೂರು ಸೇತುವೆ ಸುತ್ತಿಕೊಂಡು ಬರಬೇಕು. ಕಾರಿನಲ್ಲಿ ಹೋಗಿ ಬೀಚ್ ನೋಡಿ ಬಂದವರು ಮಂಗಳೂರಿನ ಅರ್ಧವನ್ನೇ ನೋಡಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಇಂಥ ಊರಿನಲ್ಲಿ ಎಲ್ಲವೂ ನೀರಿನ ಹೊತ್ತಿಗೆ ನಡೆಯುತ್ತದೆ. ಮೀನು ಬರುವ ಹೊತ್ತು, ಉಬ್ಬರ ಇಳಿತದ ಹೊತ್ತು, ಸೂರ್ಯ ಮುಳುಗುವ ಹೊತ್ತು, ಕೊನೆಯ ದೋಣಿಯ ಹೊತ್ತು. ಈ ನಾಲ್ಕು ತಿಳಿದಿದ್ದರೆ ಸಾಕು, ಉಳಿದ ದಿನವನ್ನು ಮನಸ್ಸು ಬಂದಂತೆ ಬಿಡಬಹುದು. ದಿಢೀರ್ ಪ್ರವಾಸದ ಸುಖ ಇರುವುದೇ ಅಲ್ಲಿ.

ಹಂತ 1: ಮೊದಲು ವಾಪಸ್ ಬರುವ ಟಿಕೆಟ್

ಹೋಗುವ ಟಿಕೆಟ್ ಹೇಗೋ ಸಿಗುತ್ತದೆ. ರಜೆ ಮುಗಿಯುವ ರಾತ್ರಿ ಬೆಂಗಳೂರಿನ ಕಡೆಗೆ ಬರುವ ಟಿಕೆಟ್ ಸಿಗುವುದೇ ಕಷ್ಟ. ಆದ್ದರಿಂದ "ಹೋಗೋಣ" ಅಂತ ತೀರ್ಮಾನ ಆದ ಕೂಡಲೇ ವಾಪಸ್ ಸೀಟು ಹಿಡಿಯಿರಿ. ಅದು ಸಿಕ್ಕಿತು ಅಂದರೆ ಪ್ರವಾಸ ಗ್ಯಾರಂಟಿ. ಸಿಗದಿದ್ದರೆ ಬೇರೆ ದಿನ ನೋಡಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೇಗೆ ಹೋಗುವುದು ಎಂಬ ಚಿಂತೆ ಇಟ್ಟುಕೊಂಡು ಕಡಲು ನೋಡಿದರೆ ಕಡಲು ಕಾಣುವುದಿಲ್ಲ.

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಬೇಕು. ಕೆಎಸ್‌ಆರ್‌ಟಿಸಿಯ ರಾಜಹಂಸ, ಐರಾವತ, ಮಲಗಿಕೊಂಡು ಹೋಗುವ ಅಂಬಾರಿ ಎಲ್ಲ ಇವೆ. ಹಬ್ಬದ ದಿನಗಳಲ್ಲಿ ಹೆಚ್ಚುವರಿ ಬಸ್ಸುಗಳನ್ನೂ ಬಿಡುತ್ತಾರೆ, ಅವು ಕೊನೆ ಗಳಿಗೆಯಲ್ಲಿ ಆ್ಯಪಿನಲ್ಲಿ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಮೊದಲ ಸಲ "ಸೀಟಿಲ್ಲ" ಅಂತ ಬಂದರೆ ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಬಸ್ಸಿನಲ್ಲಿ ವಾಂತಿ ಬರುವವರು ಶಿರಾಡಿ ಘಾಟಿಯ ಮೂಲಕ ಹೋಗುವ ಬಸ್ಸನ್ನೇ ಹಿಡಿಯುವುದು ಒಳ್ಳೆಯದು. ಚಾರ್ಮಾಡಿಯಲ್ಲಿ ತಿರುವುಗಳು ಜಾಸ್ತಿ.

ರೈಲು ಇಷ್ಟ ಇದ್ದವರಿಗೆ ತತ್ಕಾಲ್ ಇದೆ. ಹೊರಡುವ ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ ದರ್ಜೆ, 11ಕ್ಕೆ ಸ್ಲೀಪರ್ ತೆರೆಯುತ್ತದೆ. ಅದೂ ತಪ್ಪಿದರೆ ಚಾರ್ಟ್ ಆದ ಮೇಲೆ ಉಳಿದ ಬರ್ತುಗಳನ್ನು ಕರೆಂಟ್ ಬುಕಿಂಗ್‌ನಲ್ಲಿ ಕೊಡುತ್ತಾರೆ. ಇದು ಬಹಳ ಜನ ನೋಡುವುದೇ ಇಲ್ಲ. ರೈಲಿನಲ್ಲಿ ಹೋಗುವವರು ಒಂದು ಗಮನಿಸಿ: ಮಂಗಳೂರು ಸೆಂಟ್ರಲ್ ಊರಿನ ನಡುವೆ ಇದೆ, ಮಂಗಳೂರು ಜಂಕ್ಷನ್ ಊರಿನಿಂದ ಸ್ವಲ್ಪ ಹೊರಗೆ ಪಡೀಲ್ ಹತ್ತಿರ ಇದೆ. ಜಂಕ್ಷನ್‌ನಲ್ಲಿ ಇಳಿದರೆ ಬಂದರಿನ ಕಡೆ ಹೋಗಲು ಆಟೋ ಬೇಕು. ಒಂದು ದಿನ ಜಾಸ್ತಿ ರಜೆ ಇದ್ದರೆ ಹಗಲು ರೈಲಿನ ವಿಸ್ಟಾಡೋಮ್ ಬೋಗಿಯಲ್ಲಿ ಹೋಗಿ. 2021ರ ಜುಲೈಯಿಂದ ಈ ಗಾಜಿನ ಬೋಗಿ ಈ ದಾರಿಯಲ್ಲಿ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, ಸುರಂಗದ ಮೇಲೆ ಸುರಂಗ. ಆದರೆ ಒಂದೇ ದಿನದ ಪ್ರವಾಸಕ್ಕೆ ಇದು ಹೊಂದುವುದಿಲ್ಲ, ಹಗಲೆಲ್ಲ ರೈಲಿನಲ್ಲೇ ಹೋಗುತ್ತದೆ.

ಮಳೆಗಾಲದಲ್ಲಿ ಘಾಟಿ ರಸ್ತೆಯಲ್ಲೂ ರೈಲು ಹಳಿಯಲ್ಲೂ ಗುಡ್ಡ ಕುಸಿಯುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಮಧ್ಯಾಹ್ನ ಸುದ್ದಿ ನೋಡಿಯೇ ಚೀಲ ಕಟ್ಟಿ.

ಹಂತ 2: ಇಬ್ಬರಿಗೂ ಸೇರಿ ಒಂದೇ ಚೀಲ

ಎರಡು ಚೀಲ ಇದ್ದರೆ ದಿನವಿಡೀ ಒಬ್ಬರು ಚೀಲ ಕಾಯಬೇಕು. ಒಂದೇ ಬೆನ್ನುಚೀಲ ಸಾಕು. ತಲಾ ಒಂದು ಜೊತೆ ಹತ್ತಿ ಬಟ್ಟೆ, ಒಂದು ತೆಳು ಟವೆಲ್, ಪವರ್ ಬ್ಯಾಂಕ್, ನೀರಿನ ಬಾಟಲಿ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರ್. ಕರಾವಳಿಯ ಸೆಕೆ ಬಯಲುಸೀಮೆಯವರಿಗೆ ಅಭ್ಯಾಸ ಇರುವುದಿಲ್ಲ. ಬೆವರು ಆರುವುದೇ ಇಲ್ಲ, ಜೀನ್ಸ್ ಒದ್ದೆಯಾದರೆ ಸಂಜೆವರೆಗೂ ಒಣಗುವುದಿಲ್ಲ. ಶೂ ಬೇಡ, ಚಪ್ಪಲಿ ಹಾಕಿ. ಇಬ್ಬರ ಗುರುತಿನ ಚೀಟಿಯೂ ಇರಲಿ, ಬೆಳಿಗ್ಗೆ ಸ್ನಾನಕ್ಕೆ ಲಾಡ್ಜಿನಲ್ಲಿ ರೂಮು ತೆಗೆದುಕೊಳ್ಳುವುದಾದರೆ ಇಬ್ಬರದ್ದೂ ಕೇಳುತ್ತಾರೆ. ದೋಣಿಗೂ ಸಿಟಿ ಬಸ್ಸಿಗೂ ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ.

ಹಂತ 3: ನಾಲ್ಕು ಹೊತ್ತು ಬರೆದಿಟ್ಟುಕೊಳ್ಳಿ

ಬಸ್ಸಿನಲ್ಲಿ ಕೂತು ಮಾಡಬಹುದಾದ ಕೆಲಸ ಇದು.

ಮೊದಲು ಸೂರ್ಯಾಸ್ತ. ಮಂಗಳೂರಿನಲ್ಲಿ ನವೆಂಬರ್‌ನಲ್ಲಿ ಸುಮಾರು 6 ಗಂಟೆಗೇ ಸೂರ್ಯ ಮುಳುಗುತ್ತಾನೆ, ಜೂನ್ ಹೊತ್ತಿಗೆ ಅದು 7ರ ಹತ್ತಿರ ಹೋಗುತ್ತದೆ. ಒಂದು ಗಂಟೆಯ ವ್ಯತ್ಯಾಸ. ಬೇಸಿಗೆಯಲ್ಲಿ ಒಮ್ಮೆ ಬಂದು ಹೋದ ಲೆಕ್ಕದಲ್ಲಿ ನವೆಂಬರ್‌ನಲ್ಲಿ ಬಂದರೆ ಬೀಚ್ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ.

ಎರಡನೆಯದು ಉಬ್ಬರ ಇಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೂ ಅಂದಾಜು ಸಿಗುತ್ತದೆ. ಇಳಿತದಲ್ಲಿ ನಡೆಯಲು ಗಟ್ಟಿ ಮರಳು ಅಗಲವಾಗಿ ಸಿಗುತ್ತದೆ. ಉಬ್ಬರದಲ್ಲಿ ಅಲೆ ಮೇಲಿನವರೆಗೆ ಬರುತ್ತದೆ, ಆಗ ಚೀಲ, ಚಪ್ಪಲಿ ದೂರ ಇಡಬೇಕು. ಅಲೆ ಜೋರಾಗುವ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದಿನವೂ ಕೊಡುತ್ತದೆ. ಮೀನುಗಾರರೂ ನೋಡುವುದು ಅದನ್ನೇ.

ಮೂರನೆಯದು ಮೀನಿನ ಹೊತ್ತು. ಬಂದರಿನ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಬೆಳಗಿನ ಜಾವವೇ ವ್ಯಾಪಾರ ಶುರು. ಬಿಸಿಲು ಏರುವ ಮೊದಲು ಮುಖ್ಯ ಗದ್ದಲ ಮುಗಿದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇದೆ. ಮೀನು ಮರಿ ಇಡುವ ಕಾಲ, ಕಡಲೂ ಜೋರು. ಆ ಎರಡು ತಿಂಗಳಲ್ಲಿ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಸುಮ್ನೆ ನಿಂತಿರುತ್ತವೆ, ಹೋಟೆಲಿನಲ್ಲಿ ಮೀನಿನ ರೇಟೂ ಏರಿರುತ್ತದೆ. ಮೀನಿಗಾಗಿಯೇ ಬರುವವರು ಆಗಸ್ಟ್ ಆದ ಮೇಲೆ ಬನ್ನಿ.

ನಾಲ್ಕನೆಯದು ಕೊನೆಯ ದೋಣಿ. ಇದನ್ನು ನೆಟ್‌ನಲ್ಲಿ ಹುಡುಕಬೇಡಿ. ನದಿ ದಾಟುವಾಗ ದೋಣಿಯವರನ್ನೇ ಕೇಳಿ. ಅದರ ಮಾತು ಮುಂದೆ ಬರುತ್ತದೆ.

ಹಂತ 4: ಬೆಳಿಗ್ಗೆ ನೇರ ದಕ್ಕೆಗೆ

ಕೆಎಸ್‌ಆರ್‌ಟಿಸಿ ಬಸ್ಸು ಬಿಜೈಯಲ್ಲಿ ಇಳಿಸುತ್ತದೆ. ನಿದ್ದೆಗಣ್ಣಿನಲ್ಲಿ ರೂಮು ಹುಡುಕಿ ಮಲಗಬೇಕು ಅನ್ನಿಸುತ್ತದೆ. ಮಲಗಬೇಡಿ. ಮುಖ ತೊಳೆದು, ಒಂದು ಚಹಾ ಕುಡಿದು, ಆಟೋ ಹಿಡಿದು "ಬಂದರು ದಕ್ಕೆ" ಅನ್ನಿ. ಸೆಂಟ್ರಲ್‌ನಲ್ಲಿ ರೈಲು ಇಳಿದವರಿಗೆ ಇನ್ನೂ ಹತ್ತಿರ.

ದಕ್ಕೆ ಪ್ರವಾಸಿಗರಿಗಾಗಿ ಇರುವ ಜಾಗ ಅಲ್ಲ, ದುಡಿಯುವವರ ಜಾಗ. ನೆಲ ಒದ್ದೆ, ಕಾಲು ಜಾರುತ್ತದೆ, ವಾಸನೆ ಗಟ್ಟಿ. ತಲೆಯ ಮೇಲೆ ಬುಟ್ಟಿ ಹೊತ್ತು ಓಡುವವರಿಗೆ ದಾರಿ ಬಿಡಬೇಕು. "ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ" ಅಂದರೆ ಅದು ಬೈಗುಳ ಅಲ್ಲ, ಕೆಲಸದ ಮಾತು. ಒಂದು ಕಂಬದ ಪಕ್ಕ ನಿಂತುಬಿಡಿ. ಬೋಟಿನಿಂದ ಪ್ಲಾಸ್ಟಿಕ್ ಕ್ರೇಟುಗಳು ಇಳಿಯುತ್ತವೆ. ಬಂಗುಡೆ, ಬೂತಾಯಿ ರಾಶಿ ರಾಶಿಯಾಗಿ ಬೀಳುತ್ತವೆ, ಅಂಜಲ್ ಒಂದೊಂದಾಗಿ ಉದ್ದಕ್ಕೆ ಮಲಗುತ್ತದೆ. ರಾಶಿಯ ಸುತ್ತ ಜನ ಸೇರುತ್ತಾರೆ, ಒಬ್ಬರು ಕೂಗುತ್ತಾರೆ, ಬೆಲೆ ಏರುತ್ತದೆ, ನಿಮಿಷದೊಳಗೆ ಏಲಂ ಮುಗಿದು ಮಂಜುಗಡ್ಡೆಯ ಪುಡಿ ಬೀಳುತ್ತದೆ. ಆ ಮೀನು ಮಧ್ಯಾಹ್ನ ನಿಮ್ಮ ತಟ್ಟೆಗೇ ಬರಬಹುದು. ಹೊಸ ಮೀನು ಗುರುತಿಸಲು ಇದೇ ಒಳ್ಳೆಯ ಶಾಲೆ: ಕಣ್ಣು ತಿಳಿಯಾಗಿ ಉಬ್ಬಿರುತ್ತದೆ, ಕಿವಿರು ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳುತ್ತದೆ.

ಮೀನು ಮಾರುವ ಹೆಂಗಸರ ಫೋಟೋ ತೆಗೆಯುವ ಮೊದಲು "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಅವರು ಎದ್ದು ಬಂದಿರುವುದು ನಡುರಾತ್ರಿಯಲ್ಲಿ.

ದಕ್ಕೆಯ ಪಕ್ಕದಲ್ಲೇ ಹಳೆ ಬಂದರು. 1974ರಲ್ಲಿ ಪಣಂಬೂರಿನ ಹೊಸ ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಆದರೆ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ದಿನಸಿ ಹೊತ್ತೊಯ್ಯುವ ಮಂಜಿಗಳು, ಅಂದರೆ ಸಣ್ಣ ಸರಕು ಹಡಗುಗಳು, ಇಲ್ಲಿಂದಲೇ ಹೊರಡುತ್ತವೆ. ಒಳಗೆ ಬಿಡದಿದ್ದರೆ ಒತ್ತಾಯ ಮಾಡಬೇಡಿ, ಹೊರಗಿನ ಬೀದಿಗಳಲ್ಲಿ ನಡೆದರೂ ಸಾಕು. ಹಳೆ ಗೋದಾಮುಗಳು, ಕೆಂಪು ಹೆಂಚಿನ ಮಾಡುಗಳು, ಒಣಮೆಣಸು ಮತ್ತು ಒಣಮೀನಿನ ಅಂಗಡಿಗಳು. ಆ ಹೆಂಚೂ ನೀರಿನಿಂದಲೇ ಬೆಳೆದ ಉದ್ಯಮ. 1865ರಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು ಜೆಪ್ಪುವಿನ ಕಡೆ, ನೇತ್ರಾವತಿ ದಡದ ಹತ್ತಿರ. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು.

ಈ ಬೀದಿಗಳಲ್ಲಿ ಇಬ್ಬರೇ ನಡೆಯುವಾಗ ಒಂದು ಹಳೆ ಜೋಡಿಯ ಕಥೆ ನೆನಪಿಟ್ಟುಕೊಳ್ಳಿ. 12ನೇ ಶತಮಾನದಲ್ಲಿ ಟುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ವರ್ಷಗಟ್ಟಲೆ ಇಲ್ಲೇ ನೆಲೆಸಿದ. ಆಶು ಎಂಬ ಇಲ್ಲಿನ ಹೆಣ್ಣನ್ನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರ ಸಿಕ್ಕಿದೆ. ಅವಳ ಜೊತೆ ಅವನು ಸಂಸಾರ ಮಾಡಿದ, ಮಕ್ಕಳಾದವು. ಅವನ ಕಾಗದಗಳೆಲ್ಲ ಉಳಿದದ್ದು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ. ಮಂಗಳೂರಿನ ಬಂದರು ಎಷ್ಟು ದೂರದ ಜನರನ್ನು ಸೇರಿಸಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಂತ 5: ತಿಂಡಿ, ಸ್ನಾನ, ಸ್ವಲ್ಪ ನಿದ್ದೆ

ದಕ್ಕೆಯಿಂದ ಹಂಪನಕಟ್ಟೆ ಕಡೆಗೆ ಬನ್ನಿ. ಬನ್ಸ್ ತಿನ್ನಿ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಕಲಸಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಎಣ್ಣೆಯಲ್ಲಿ ಉಬ್ಬಿಸುತ್ತಾರೆ. ಬಿಸಿ ಇರುವಾಗ ಮುರಿದರೆ ಒಳಗೆ ಪೊಳ್ಳು, ಸಿಹಿ ವಾಸನೆ. ಪಕ್ಕದಲ್ಲಿ ಖಾರದ ಚಟ್ನಿ, ಸಾಂಬಾರು. ಒಬ್ಬರು ಬನ್ಸ್, ಒಬ್ಬರು ನೀರುದೋಸೆ ತೆಗೆದುಕೊಂಡು ಹಂಚಿಕೊಳ್ಳಿ. ಗೋಳಿಬಜೆಯನ್ನು ಸಂಜೆಗೆ ಉಳಿಸಿ.

ಆಮೇಲೆ ಹಂಪನಕಟ್ಟೆ ಸುತ್ತಮುತ್ತ ಒಂದು ಸಾಧಾರಣ ಲಾಡ್ಜಿನಲ್ಲಿ ರೂಮು ತೆಗೆದುಕೊಳ್ಳಿ. ಒಂದು ದಿನಕ್ಕೆ ರೂಮು ಯಾಕೆ, ದುಡ್ಡು ದಂಡ ಅಂತ ಅನ್ನಿಸಬಹುದು. ದಂಡ ಅಲ್ಲ. ಬಸ್ಸಿನಲ್ಲಿ ಅರೆನಿದ್ದೆ ಮಾಡಿದ ಇಬ್ಬರು ಸೆಕೆಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ತಿರುಗಿದರೆ ಮಧ್ಯಾಹ್ನ ಮೂರು ಗಂಟೆಗೆ ಜಗಳ ಗ್ಯಾರಂಟಿ. ಸ್ನಾನ, ಎರಡು ಗಂಟೆ ನಿದ್ದೆ, ಸಂಜೆ ಮರಳು ತೊಳೆದುಕೊಳ್ಳಲು ಒಂದು ಬಚ್ಚಲು. ಇಷ್ಟಕ್ಕೆ ಆ ದುಡ್ಡು ಕೊಡಬಹುದು.

ಹಂತ 6: ಮಧ್ಯಾಹ್ನ ನೀರಿನಿಂದ ದೂರ ಇರಿ

ಹನ್ನೊಂದರಿಂದ ಮೂರೂವರೆವರೆಗೆ ಬೀಚಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಮರಳು ಕಾಲು ಸುಡುತ್ತದೆ, ಕಣ್ಣು ಬಿಡಲು ಆಗುವುದಿಲ್ಲ.

ಈ ಹೊತ್ತಿಗೆ ಬಾವುಟಗುಡ್ಡೆ ಹತ್ತಿ. ಅಲ್ಲಿಂದ ಕೆಳಗೆ ಊರು, ದೂರದಲ್ಲಿ ಕಡಲಿನ ಗೆರೆ ಕಾಣುತ್ತದೆ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಇಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮ ಬಾವುಟ ಹಾರಿಸಿದ್ದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಅಲ್ಲೇ ಪಕ್ಕದಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1900ರ ಆಸುಪಾಸಿನಲ್ಲಿ ಅದರ ಗೋಡೆ, ಮಾಡಿನ ಒಳಮೈ ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಒಳಗೆ ತಂಪು. ಬೆಂಚಿನ ಮೇಲೆ ಕೂತು ತಲೆ ಎತ್ತಿ ನೋಡುತ್ತಾ ಹೋದರೆ ಅರ್ಧ ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ದೇವಸ್ಥಾನ ಬೇಕು ಅನ್ನುವವರು ಕದ್ರಿಗೆ ಹೋಗಿ, ಅಲ್ಲಿ 968ರ ಕಾಲದ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಎಲ್ಲವನ್ನೂ ನೋಡಲೇಬೇಕು ಅಂತ ಓಡಬೇಡಿ. ಒಂದು ಸಾಕು.

ಊಟ. ಮೀನು ತಿನ್ನುವವರು ಬಂದರು ಭಾಗದ ಸಣ್ಣ ಮೀನೂಟದ ಹೋಟೆಲುಗಳಿಗೇ ಹೋಗಿ. ಹನ್ನೆರಡೂವರೆಗೆ ಹೋದರೆ ಕೂರಲು ಜಾಗ ಸಿಗುತ್ತದೆ. ಒಂದೂವರೆಗೆ ಹೋದರೆ ಉಣ್ಣುವವರ ಹಿಂದೆ ನಿಂತು ಕಾಯಬೇಕು. ಬಾಳೆಲೆ ಅಥವಾ ತಟ್ಟೆ, ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಆಮೇಲೆ ಹುಡುಗ ಒಂದು ದೊಡ್ಡ ತಟ್ಟೆಯಲ್ಲಿ ಮೀನು ತಂದು ತೋರಿಸುತ್ತಾನೆ. ಇಲ್ಲಿ ಎರಡು ಮಾತು. ಒಂದು, ಬೆರಳು ತೋರಿಸುವ ಮೊದಲು ರೇಟು ಕೇಳಿ. ಅಂಜಲ್, ಪಾಂಫ್ರೆಟ್, ಕಾಣೆಗೆ ಆ ದಿನದ ರೇಟು ಇರುತ್ತದೆ, ಕೇಳುವುದರಲ್ಲಿ ನಾಚಿಕೆ ಇಲ್ಲ. ಎರಡು, ಮುಳ್ಳು ಬಿಡಿಸಿ ಅಭ್ಯಾಸ ಇಲ್ಲದಿದ್ದರೆ ಕಾಣೆ ತೆಗೆದುಕೊಳ್ಳಿ. ನಡುವೆ ಒಂದೇ ಉದ್ದನೆಯ ಮುಳ್ಳು, ಎಳೆದರೆ ಪೂರ್ತಿ ಬರುತ್ತದೆ, ಎರಡೂ ಬದಿಯ ಬಿಳಿ ಮಾಂಸ ಹಾಗೇ ಉಳಿಯುತ್ತದೆ. ರವಾ ಫ್ರೈ ಮಕ್ಕಳಿಗೆ ಸರಿ, ಮೀನಿನ ರುಚಿ ತಿಳಿಯಬೇಕಾದರೆ ಮಸಾಲೆ ಹಚ್ಚಿದ ತವಾ ಫ್ರೈ. ಬಂಗುಡೆ ಪುಳಿಮುಂಚಿ ಸಿಕ್ಕಿದರೆ ಬಿಡಬೇಡಿ. ಹುಳಿಯೂ ಖಾರವೂ ಕುಚ್ಚಲಕ್ಕಿ ಅನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಸಸ್ಯಾಹಾರಿಗಳಿಗೆ ಊರಿನಲ್ಲಿ ಒಳ್ಳೆಯ ಊಟಕ್ಕೆ ಕೊರತೆಯೇ ಇಲ್ಲ. ಮಳೆಗಾಲದಲ್ಲಿ ಬಂದರೆ ಕೆಸುವಿನ ಎಲೆಯ ಪತ್ರೊಡೆ ಕೇಳಿ.

ಹಂತ 7: ಸುಲ್ತಾನ್ ಬತ್ತೇರಿ, ಅಲ್ಲಿಂದ ದೋಣಿ

ನಾಲ್ಕು ಗಂಟೆಗೆ ಆಟೋ ಹಿಡಿದು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಇದು. ಕಪ್ಪು ಕಲ್ಲಿನ ಗೋಡೆ, ಬಂದೂಕಿಗೆ ಬಿಟ್ಟ ಕಿಂಡಿಗಳು. ಕೆಳಗೆ ಮದ್ದಿನ ಪುಡಿ ಇಡುತ್ತಿದ್ದ ಕೋಣೆ. ಗುರುಪುರ ನದಿಯೊಳಗೆ ಯುದ್ಧನೌಕೆ ನುಗ್ಗದಂತೆ ತಡೆಯುವುದು ಉದ್ದೇಶ. ಅದೇ ವರ್ಷ ಮಾರ್ಚ್‌ನಲ್ಲಿ ಇಂಗ್ಲಿಷರಿಗೂ ಟಿಪ್ಪುವಿಗೂ ಮಂಗಳೂರು ಒಪ್ಪಂದ ಆಗಿತ್ತು ಅನ್ನುವುದನ್ನು ನೆನಪಿಟ್ಟರೆ ಆ ಕಿಂಡಿಗಳು ಬೇರೆಯಾಗಿಯೇ ಕಾಣುತ್ತವೆ. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ, ನದಿಯ ಯಾವ ಭಾಗವನ್ನು ಗುರಿ ಇಟ್ಟಿದ್ದರು ಅಂತ ತಾನೇ ತಿಳಿಯುತ್ತದೆ. ಗೋಡೆಯ ಮೇಲೆ ಹೆಸರು ಕೆತ್ತುವ ಜೋಡಿಗಳನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಬುರುಜು ಸಣ್ಣದು, ಹೆಚ್ಚು ಹೊತ್ತು ಬೇಡ. ಎದುರಿನ ಕಟ್ಟೆಯಿಂದ ನದಿಯಾಚೆಯ ತಣ್ಣೀರುಬಾವಿ ಬೀಚಿನ ಕಡೆಗೆ ದೋಣಿ ಹೊರಡುತ್ತದೆ. ಟಿಕೆಟ್ಟಿಗೆ ಕೆಲವೇ ರೂಪಾಯಿ. ಹತ್ತುವ ಮೊದಲೇ ಕೇಳಿ: "ಅಣ್ಣ, ಆ ಕಡೆಯಿಂದ ಕೊನೆಯ ದೋಣಿ ಎಷ್ಟು ಗಂಟೆಗೆ?" ರಜಾದಿನ, ಗಾಳಿ, ಮಳೆ, ನದಿಯ ನೀರು ನೋಡಿ ಅದು ಬದಲಾಗುತ್ತದೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲಿಗೆ ಮೊಬೈಲಿನಲ್ಲಿ ಅಲಾರಂ ಇಡಿ. ಜೋರು ಮಳೆ ಇದ್ದರೆ ದೋಣಿ ಓಡದೆಯೂ ಇರಬಹುದು.

ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಐದು ನಿಮಿಷದ ದಾರಿಗೆ ಇದೆಲ್ಲ ಯಾಕೆ ಅನ್ನಬೇಡಿ, ನದಿ ಆಳ ಇದೆ. ಜನ ಜಾಸ್ತಿ ತುಂಬಿದ್ದರೆ ಮುಂದಿನ ದೋಣಿಗೆ ಕಾಯಿರಿ.

ದಾಟುವಾಗ ಫೋನು ಚೀಲದಲ್ಲಿರಲಿ. ಹಿಂದೆ ಊರಿನ ಕಟ್ಟಡಗಳು, ಮುಂದೆ ತೆಂಗಿನ ಸಾಲು, ನೀರಿನ ಮೇಲೆ ತೇಲಿ ಬರುವ ಮೀನಿನ ಬೋಟುಗಳು, ದಡದಲ್ಲಿ ದುರಸ್ತಿಗೆ ಎಳೆದಿಟ್ಟ ಹಳೆ ಬೋಟುಗಳು. ನಿಮ್ಮ ಜೊತೆಗೆ ಇರುವವರು ದಿನಾ ಈ ದೋಣಿಯಲ್ಲೇ ಕೆಲಸಕ್ಕೆ, ಶಾಲೆಗೆ, ಪೇಟೆಗೆ ಹೋಗಿಬರುವ ಆ ಕಡೆಯ ಜನ. ಮಾತಾಡಿಸಿ ನೋಡಿ. ತುಳುವೋ ಬ್ಯಾರಿಯೋ ಮಾತಾಡುತ್ತಿದ್ದವರು ನಿಮಗಾಗಿ ಕನ್ನಡಕ್ಕೆ ತಿರುಗುತ್ತಾರೆ, ಎಲ್ಲಿ ಮರಳು ಒಳ್ಳೆಯದಿದೆ, ಎಲ್ಲಿ ಇಳಿಯಬಾರದು ಎಂದು ಹೇಳುತ್ತಾರೆ.

ಹಂತ 8: ಕಡಲಿನ ಮುಂದೆ

ದೋಣಿ ಇಳಿದು ಸ್ವಲ್ಪ ನಡೆದರೆ ಗಾಳಿಮರಗಳ ಆಚೆ ಕಡಲು. ಕಡಲನ್ನು ಅಪರೂಪಕ್ಕೆ ನೋಡುವವರಿಗೆ ಮೊದಲು ಬರುವುದು ಓಡಿಹೋಗಿ ನೀರಿಗೆ ಇಳಿಯುವ ಆಸೆ. ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ನಾನು ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಇದನ್ನೇ.

ಅಲೆ ದಡಕ್ಕೆ ತಂದ ನೀರು ಹೇಗಾದರೂ ವಾಪಸ್ ಹೋಗಬೇಕು. ಕೆಲವು ಕಡೆ ಅದು ಕಿರಿದಾದ ಕಾಲುವೆಯ ಹಾಗೆ ಒಟ್ಟಾಗಿ ಒಳಕ್ಕೆ ಹರಿಯುತ್ತದೆ. ಅದೇ ಸೆಳೆತ. ಎರಡು ಬದಿಯಲ್ಲಿ ಅಲೆ ಒಡೆದು ನೊರೆ ಬರುತ್ತಿರುತ್ತದೆ, ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯುವುದೇ ಇಲ್ಲ, ನೀರಿನ ಬಣ್ಣ ಸ್ವಲ್ಪ ಗಾಢ ಅಥವಾ ಕೆಸರು. ಹೊಸಬರಿಗೆ ಆ ಜಾಗವೇ ಶಾಂತ ಅನ್ನಿಸಿ ಅಲ್ಲೇ ಇಳಿಯುತ್ತಾರೆ. ಅಪಾಯ ಇರುವುದೂ ಅಲ್ಲೇ. ಈಜು ಬಾರದವರು ಮೊಣಕಾಲಿಗಿಂತ ಮೇಲೆ ನೀರು ಬರುವ ಕಡೆ ಹೋಗಲೇಬಾರದು. ಮೊಣಕಾಲುದ್ದದ ನೀರಿನಲ್ಲೂ ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳು ಜಾರುತ್ತದೆ, ಕೈ ಹಿಡಿದುಕೊಂಡು ನಿಂತಿರಿ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ.

ಈಜು ಬರುವವರು ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರವಾಗಿ ಈಜಬೇಡಿ. ನೀರಿನ ಎದುರು ಈಜಿ ಸುಸ್ತಾಗುವುದರಿಂದಲೇ ಜೀವ ಹೋಗುವುದು. ತೇಲಿಕೊಂಡಿರಿ, ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ದಡದಲ್ಲಿ ನಿಂತವರು ಹಿಂದೆಯೇ ಹಾರಬೇಡಿ. ತೇಲುವ ವಸ್ತು ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಹೆಂಡತಿಯನ್ನು ಉಳಿಸಲು ಗಂಡ, ಗಂಡನನ್ನು ಉಳಿಸಲು ಹೆಂಡತಿ ಇಳಿದು ಇಬ್ಬರೂ ಹೋದ ಸುದ್ದಿಗಳನ್ನು ಕರಾವಳಿಯವರು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ. ಆ ಕಾಲದ ಕಡಲನ್ನು ದೂರದಿಂದ ನೋಡುವುದೇ ಚೆಂದ.

ಇಷ್ಟು ಎಚ್ಚರ ಇದ್ದರೆ ಉಳಿದದ್ದೆಲ್ಲ ನಿಮ್ಮದು. ಅಲೆ ಬಂದು ಹೋದ ಒದ್ದೆ ಮರಳಿನಲ್ಲಿ ಕುಳಿತು ನೋಡಿ. ಸಾಸಿವೆಯಷ್ಟು ಸಣ್ಣ ಮರಳ ಉಂಡೆಗಳು ಒಂದು ತೂತಿನ ಸುತ್ತ ರಂಗೋಲಿಯ ಹಾಗೆ ಹರಡಿರುತ್ತವೆ. ಒಂದು ಪುಟ್ಟ ಏಡಿ ಹೊರಗೆ ಬರುತ್ತದೆ, ಮರಳು ಬಾಯಿಗೆ ತೆಗೆದುಕೊಂಡು ಅದರಲ್ಲಿರುವ ಆಹಾರ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕೆ ಇಡುತ್ತದೆ. ನಿಮ್ಮ ನೆರಳು ಬಿದ್ದರೆ ಮಾಯ. ಅಲುಗಾಡದೆ ಕೂತರೆ ಮತ್ತೆ ಬರುತ್ತದೆ. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿಹೋಗುತ್ತದೆ, ಅದು ಮತ್ತೆ ಶುರು ಮಾಡುತ್ತದೆ.

ಉತ್ತರಕ್ಕೆ ನೋಡಿದರೆ ಪಣಂಬೂರು ಬಂದರಿಗೆ ಕಾಯುತ್ತಾ ನಿಂತ ಹಡಗುಗಳು ಕಾಣುತ್ತವೆ. ಜನಸಂದಡಿ, ಒಂಟೆ ಸವಾರಿ, ತಿಂಡಿ ಅಂಗಡಿ ಎಲ್ಲ ಬೇಕು ಅನ್ನುವವರಿಗೆ ಪಣಂಬೂರು ಬೀಚೇ ಸರಿ, ಸ್ಟೇಟ್‌ಬ್ಯಾಂಕ್ ಅಂತ ಕರೆಯುವ ಬಸ್ ನಿಲ್ದಾಣದಿಂದ ಸಿಟಿ ಬಸ್ಸುಗಳಿವೆ. ಈ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅವಕ್ಕೆ ಇಲ್ಲ. ಬಂಡೆಗಳ ಮೇಲೆ ಅಲೆ ಬಡಿಯುವುದನ್ನು ನೋಡಬೇಕಾದರೆ ಉಳ್ಳಾಲದ ಸೋಮೇಶ್ವರಕ್ಕೆ ಹೋಗಬೇಕು, ಆದರೆ ಆ ಬಂಡೆಗಳ ಮೇಲೆ ಹತ್ತಬಾರದು. ಇಬ್ಬರೇ ಕೂತು ಮಾತಾಡಲು ನನ್ನ ಆಯ್ಕೆ ತಣ್ಣೀರುಬಾವಿಯೇ.

ಚರುಮುರಿ ತಿನ್ನಿ, ಬೊಂಡ ಅಂದರೆ ಎಳನೀರು ಕುಡಿಯಿರಿ. ಸೂರ್ಯ ಮುಳುಗಿದ ಕೂಡಲೇ ಜನ ಎದ್ದು ಹೊರಡುತ್ತಾರೆ. ದೋಣಿಗೆ ಹೊತ್ತಿದ್ದರೆ ಇನ್ನೊಂದು ಹದಿನೈದು ನಿಮಿಷ ಕೂರಿ, ಮೋಡಕ್ಕೆ ಬಣ್ಣ ಬರುವುದು ಆಗಲೇ. ಕತ್ತಲಾದ ಮೇಲೆ ಜನ ಇಲ್ಲದ ಕಡೆಗೆ ನಡೆದು ಹೋಗುವುದು ಬೇಡ.

ಹಂತ 9: ವಾಪಸ್

ಕೊನೆಯ ದೋಣಿ ತಪ್ಪಿದರೆ ಗಾಬರಿ ಬೇಡ. ತಣ್ಣೀರುಬಾವಿಯಿಂದ ಪಣಂಬೂರು, ಕೂಳೂರು ದಾರಿಯಾಗಿ ಆಟೋದಲ್ಲಿ ಊರಿಗೆ ಬರಬಹುದು. ಸುತ್ತು ದಾರಿ, ಸಂಜೆ ಹೆದ್ದಾರಿಯಲ್ಲಿ ಟ್ರಾಫಿಕ್ ಇರುತ್ತದೆ. ಅದಕ್ಕೆ ಮುಕ್ಕಾಲು ಗಂಟೆಯಾದರೂ ಇಟ್ಟುಕೊಳ್ಳಿ.

ರೂಮಿಗೆ ಬಂದು ಮರಳು ತೊಳೆದುಕೊಳ್ಳಿ. ಉಪ್ಪು ನೀರು ಹಾಗೇ ಬಿಟ್ಟರೆ ಬಸ್ಸಿನಲ್ಲಿ ರಾತ್ರಿಯೆಲ್ಲ ಮೈ ತುರಿಸುತ್ತದೆ. ರಾತ್ರಿ ಊಟ ಹಗುರವಾಗಿರಲಿ, ಘಾಟಿ ಹತ್ತಬೇಕಲ್ವಾ. ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡು ಗಡ್‌ಬಡ್ ತಿನ್ನಿ. ಉದ್ದನೆಯ ಗಾಜಿನ ಲೋಟದಲ್ಲಿ ಬೇರೆ ಬೇರೆ ಐಸ್‌ಕ್ರೀಂ, ನಡುವೆ ಹಣ್ಣು, ಜೆಲ್ಲಿ, ಗೋಡಂಬಿ. ಮಂಗಳೂರಿನ ಐಡಿಯಲ್ ಐಸ್‌ಕ್ರೀಂ ಶುರುವಾದದ್ದು 1975ರಲ್ಲಿ, ಈಗಲೂ ರಜಾದಿನ ರಾತ್ರಿ ಅಲ್ಲಿ ಜನವೋ ಜನ. ಇಬ್ಬರಿಗೆ ಒಂದೇ ಲೋಟ ಸಾಕು, ಎರಡು ಚಮಚ ಕೇಳಿ. ಲೋಟದ ತಳಕ್ಕೆ ಇಳಿದ ಹಣ್ಣು ಯಾರಿಗೆ ಅನ್ನುವುದನ್ನು ನೀವೇ ತೀರ್ಮಾನ ಮಾಡಿಕೊಳ್ಳಿ.

ಮನೆಗೆ ಹಸಿ ಮೀನು ಒಯ್ಯುವ ಆಸೆ ಬಿಡಿ. ಎಸಿ ಬಸ್ಸಿನಲ್ಲಿ ಐಸ್ ಕರಗಿ ನೀರು ಸೋರಿದರೆ ಬಸ್ಸಿನವರೆಲ್ಲ ಕಷ್ಟಪಡಬೇಕು. ಹಲಸಿನ ಹಪ್ಪಳ, ಗೇರುಬೀಜ, ಕುಚ್ಚಲಕ್ಕಿ ಒಯ್ಯಿರಿ. ಕುಚ್ಚಲಕ್ಕಿ ಬೇಯಲು ತುಂಬಾ ಹೊತ್ತು ಬೇಕು, ಕುಕ್ಕರಿನಲ್ಲಿ ಕೂಗಿಸಿ ಗಂಟೆಗಟ್ಟಲೆ ಮುಚ್ಚಿಟ್ಟು ಆಮೇಲೆ ಬಸಿಯಬೇಕು ಎಂಬುದನ್ನು ಅಂಗಡಿಯವರನ್ನೇ ಕೇಳಿ ತಿಳಿದುಕೊಳ್ಳಿ.

ಬಸ್ಸು ಬಿಜೈಯಿಂದಲೇ ಹತ್ತುವುದು ಒಳ್ಳೆಯದು. ನಡುದಾರಿಯ ಸ್ಟಾಪಿನಲ್ಲಿ ಕಾಯುವವರು ಟಿಕೆಟ್ಟಿನಲ್ಲಿ ಬರೆದ ಹೆಸರನ್ನೂ ಹೊತ್ತನ್ನೂ ಎರಡು ಸಲ ನೋಡಿ, ರಜೆಯ ರಾತ್ರಿ ಒಂದೇ ಊರಿಗೆ ಒಂದರ ಹಿಂದೊಂದು ಬಸ್ಸು ಬರುತ್ತಿರುತ್ತದೆ. ನಂಬರ್ ನೋಡಿಯೇ ಹತ್ತಿ. ಒದ್ದೆ ಬಟ್ಟೆಯ ಕವರನ್ನು ಮನೆ ಮುಟ್ಟಿದ ಕೂಡಲೇ ಬಿಚ್ಚಿ ಸಿಹಿ ನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಉಪ್ಪಿನ ಬಿಳಿ ಕಲೆ ಹಾಗೇ ಕೂರುತ್ತದೆ.